ಆ ಬಿ.ಟಿ. ಅಲ್ರಿ

ಕೊಟ್ಟೂರು
18 ಜುಲೈ 2003

ಲೇ ಸಮತಾ,

ಪಿಯುಸಿಯಲ್ಲಿ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವಳಿಗೆ ಒಂದು ಕಾರ್ಡು ಹಾಕಲು ಕೈ ಬರಲಿಲ್ಲವೇನು ನಿನಗೆ? ಟೈಪು ಕಲಿತ ಮೇಲೆ ಪೆನ್ನು ಹಿಡಿಯುವುದು ಮರೆತುಹೋಯಿತೋ? ಮೊನ್ನೆ ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮಪ್ಪ ಓಬಣ್ಣ ಕಾಕಾ ಸಿಕ್ಕಿದ್ದರು. ಸಾಹೇಬರ ಫೈಲುಗಳನ್ನು ಕಂಕುಳಲ್ಲಿಟ್ಟುಕೊಂಡು ಓಡುತ್ತಿದ್ದವರನ್ನು ನಿಲ್ಲಿಸಿ ನಿನ್ನ ಹರಪನಹಳ್ಳಿ ವಿಳಾಸ ಬರೆದುಕೊಂಡೆ.

ಉತ್ತರವನ್ನು ಕಾಲೇಜಿಗೇ ಬರೆ, ಮನೆಗೆ ಬೇಡ. ನಮ್ಮ ಸೋದರತ್ತೆ ತಿಪ್ಪೇರುದ್ರಮ್ಮನಿಗೆ ಓದಲು ಬರುವುದಿಲ್ಲ, ಆದರೆ ಪಕ್ಕದ ಮನೆಯವರಿಂದ ಓದಿಸಿಕೊಳ್ಳಲು ಚೆನ್ನಾಗಿ ಬರುತ್ತದೆ. ಫೋನು ಅವಳ ಮಂಚದ ತಲೆದೆಸೆಯಲ್ಲಿದೆ. ನಾನು 'ಹಲೋ' ಅನ್ನುವುದಕ್ಕೆ ಮೊದಲೇ 'ಯಾರದಾ?' ಅಂತಾಳೆ.

ನನ್ನ ಸುದ್ದಿ ಏನು ಹೇಳಲಿ? ನಮ್ಮ ಬಯೋಟೆಕ್ನಾಲಜಿ ವಿಭಾಗಕ್ಕೆ ಕ್ರಿಮಿ ಸಾಯಿಸುವ ಯಂತ್ರ ಮೂರನೆಯ ವರ್ಷಕ್ಕೂ ಬರಲಿಲ್ಲ. ಕಲ್ಯಾಣಮ್ಮ ಮೇಡಂ "ಯಾರ ಮನ್ಯಾಗ ದೊಡ್ಡ ಕುಕ್ಕರ್ ಐತ್ರಮ್ಮಾ?" ಎಂದು ಕೇಳಿದರು. ನಾನು ಅತ್ತೆಯ ಹತ್ತು ಲೀಟರಿನದನ್ನು ಎತ್ತಿಕೊಂಡು ಹೋದೆ. ಅದರಲ್ಲಿ ಬಾಟಲಿ ಕುದಿಸಿ, ಜೆಲ್ಲಿಯಂಥ ಆಹಾರ ಹಾಕಿ, ಬಾಳೆಯ ಸುಳಿಯ ಚೂರು ನೆಟ್ಟೆವು. ಇಪ್ಪತ್ತು ಬಾಟಲಿಯಲ್ಲಿ ಹತ್ತೊಂಬತ್ತಕ್ಕೆ ಬೂಸು ಹಿಡಿಯಿತು. ಒಂದರಲ್ಲಿ ಮಾತ್ರ ಸಾಸಿವೆಯಷ್ಟು ಹಸಿರು! ಲೇ, ನನಗೆ ಅಳುವೇ ಬಂತು. ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಮಾಡು ಅಂತಾರೆ ಮೇಡಂ. ನನಗೂ ಬೇರೇನೂ ಬೇಡ. ಅತ್ತೆ ಮಾತ್ರ "ಹುಳ ಬೇಯಿಸಿದ ಕುಕ್ಕರಿನ್ಯಾಗ ಬ್ಯಾಳಿ ಬೇಯಿಸಂಗಿಲ್ಲ" ಅಂತ ಅದನ್ನು ಹಿತ್ತಲಿಗೆ ಎಸೆದಳು.

ಆದರೆ ಒಂದು ಮಾತು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ನಮ್ಮಪ್ಪನ ಲೆಕ್ಕದಲ್ಲಿ ನಾನು ಟೀಚರ್ ಆಗಲು ಓದುತ್ತಿದ್ದೇನೆ. ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಮೇಷ್ಟ್ರ ತರಬೇತಿಗೆ ಬಿ.ಟಿ. ಅನ್ನುತ್ತಿದ್ದರಂತೆ, ಈಗ ಬಿ.ಎಡ್. ಅಂತೀವಲ್ಲ, ಅದು. ನಾನು ಸೇರುವ ವರ್ಷ ಕಾಲೇಜಿನ ಗೇಟಿಗೆ, ಬಯೋಟೆಕ್ನಾಲಜಿಯನ್ನೇ ಚಿಕ್ಕದು ಮಾಡಿ, 'ಹೊಸದಾಗಿ ಬಿ.ಟಿ. ಆರಂಭ' ಎಂದು ಬಟ್ಟೆ ಕಟ್ಟಿದ್ದರು. ಅಪ್ಪ ಅದನ್ನು ಓದಿ, ಒಂದು ಪ್ರಶ್ನೆ ಕೇಳದೆ ಹಣ ಕಟ್ಟಿದ. ಅವನು ತಪ್ಪು ತಿಳಿದದ್ದು ಮೊದಲ ವಾರವೇ ನನಗೆ ಗೊತ್ತಾಯಿತು. ಹೇಳಲಿಲ್ಲ. "ಬಿ.ಟಿ. ಅಂತ ಕಳಿಸೀನಿ, ಬ್ಯಾರೆ ಆಗಿದ್ರ ಈ ವರ್ಷಾನ ಲಗ್ನ ಮಾಡಿಬಿಡ್ತಿದ್ದೆ" ಅಂತ ಅವನೇ ಅವ್ವನ ಮುಂದೆ ಅಂದಿದ್ದ. ಎರಡು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ಇನ್ನೊಂದೇ ವರ್ಷ.

ಬರೆಯದಿದ್ದರೆ ಹರಪನಹಳ್ಳಿಗೇ ಬಂದು ಒದೀತೀನಿ.

ನಿನ್ನ
ಅಮೃತಾ

*

ಹರಪನಹಳ್ಳಿ
30 ಆಗಸ್ಟ್ 2003

ಅಮೃತಾ,

ಬರೆಯಲಿಲ್ಲ ನಿಜ. ಬಯೋಟೆಕ್ನಾಲಜಿಗೆ ಅರ್ಜಿ ತಂದವಳು ನಾನೂ ಹೌದು, ನೆನಪಿದೆಯಾ? ಜೀವಶಾಸ್ತ್ರದಲ್ಲಿ ನಿನಗಿಂತ ನಾಲ್ಕು ಅಂಕ ಹೆಚ್ಚೂ ಬಂದಿತ್ತು. ಮೂರು ವರ್ಷ ಓದಿ, ಆಮೇಲೆ ಮತ್ತೆರಡು ವರ್ಷ ಓದಿ, ಆಮೇಲೆ ಕೆಲಸ ಹುಡುಕುವಷ್ಟು ಪುರುಸೊತ್ತು ನಮ್ಮ ಮನೆಗೆ ಇರಲಿಲ್ಲ. ಅಮ್ಮನಿಗೆ ಹುಷಾರಿಲ್ಲದೆ ಒಂದು ವರ್ಷ ಮನೆಯಲ್ಲೇ ಕಳೆಯಿತು. ಆಮೇಲೆ ಈ ಆಫೀಸು ಕೆಲಸದ ಕೋರ್ಸು. ನಿನ್ನ ಸಾಸಿವೆಯಷ್ಟು ಹಸಿರನ್ನು ಎರಡು ಸಲ ಓದಿದೆ. ಇರಲಿ ಬಿಡು.

ನಮ್ಮ ಕೋರ್ಸಿನ ಚೆಂದ ಕೇಳು. ಫೋನು ಎತ್ತುವುದು ಹೇಗೆ ಅಂತ ಒಂದು ತಿಂಗಳು ಪಾಠ. ಫೋನಿಗೆ ವೈರೇ ಇಲ್ಲ! ಸತ್ತ ಫೋನು ಹಿಡಿದು ಇಪ್ಪತ್ತು ಮಂದಿ ಹುಡುಗಿಯರು "ನಮಸ್ಕಾರ, ತಾವು ಯಾರು?" ಅಂತ ಸರದಿಯ ಮೇಲೆ ಕೇಳಿದೆವು. ಕಂಪ್ಯೂಟರು ಒಂದಿದೆ, ಕರೆಂಟು ಇರುವುದಿಲ್ಲ. ಟೈಪು ಮಾತ್ರ ಪಕ್ಕಾ ಕಲಿಸಿದರು. ಕನ್ನಡದಲ್ಲಿ ಸೀನಿಯರ್ ಪಾಸಾದೆ, ಕಣ್ಣು ಮುಚ್ಚಿ ಹೊಡೆಯುತ್ತೇನೆ.

ಅಸಲು ಸುದ್ದಿ ಈಗ. ಹಡಗಲಿ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಸೋಮವಾರದಿಂದ ಹೋಗಬೇಕು. ಸದ್ಯಕ್ಕೆ ಟೆಂಪರರಿ. ಎರಡು ವರ್ಷ ತುಂಬಿದರೆ ಅನುಭವದ ಪತ್ರ ಕೊಡುತ್ತಾರೆ, ಅದನ್ನು ಹಿಡಿದು ಹೊಸಪೇಟೆ ಕಡೆ ಒಳ್ಳೆಯ ಕಡೆ ಸೇರಬಹುದು. ಅಪ್ಪನಿಗೆ ಹೇಳಿದಾಗ ಒಂದೇ ಮಾತು ಕೇಳಿದ: "ಕುರ್ಚಿ ಕೊಡ್ತಾರನವಾ?" ಮೂವತ್ತು ವರ್ಷ ಸಾಹೇಬರ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತವನು ಅವನು. ಕೊಡ್ತಾರಪ್ಪ ಅಂದೆ. ಹೊರಗೆ ಹೋಗಿ ಬಹಳ ಹೊತ್ತು ಬೀಡಿ ಸೇದಿದ.

ನಿಮ್ಮಪ್ಪನಿಗೆ ನಿಜ ಹೇಳಿಬಿಡು. ಸುಳ್ಳು ವರ್ಷ ಕಳೆದಷ್ಟೂ ಬಲಿಯುತ್ತದೆ.

ಸಮತಾ

*

ಹೊಸಹಳ್ಳಿ
2 ಅಕ್ಟೋಬರ್ 2003

ಚಿರಂಜೀವಿ ಅಮೃತಾಗ ಅಪ್ಪ ಉಜ್ಜಿನಪ್ಪನ ಆಶೀರ್ವಾದ.

ಗಿರಣಿ ಬೆಲ್ಟ್ ಹರದದ್ದೊಂದು ಬಿಟ್ರ ಇಲ್ಲಿ ಎಲ್ಲಾ ಚಲೋ ಐತಿ. ನಿಮ್ಮವ್ವನ ಮಂಡಿನೋವು ಕಡಿಮಿ ಆಗೈತಿ. ಹಿಟ್ಟು ಬೀಸಾಕ ಬಂದೋರೆಲ್ಲಾ ನಿನ್ನನ್ನ ಕೇಳ್ತಾರ. ನಮ್ಮ ಹುಡುಗಿ ಬಿ.ಟಿ. ಮಾಡಾಕತ್ತಾಳ ಅಂತೀನಿ. ಗೊತ್ತಿದ್ದ ಹಿರ್ಯಾರು ಹೌದಾ ಅಂತಾರ, ಸಣ್ಣ ಹುಡುಗ್ರು ಬಿ.ಟಿ. ಹತ್ತಿ ಬೀಜಾ ಏನಪಾ ಅಂತ ನಗ್ತಾರ. ಅವಕ್ಕೇನು ತಿಳೀತೈತಿ.

ನಾನು ಏಳನೇತ್ತಕ್ಕ ಶಾಲಿ ಬಿಟ್ಟಾಂವ. ನಮ್ಮ ಹೆಡ್ ಮಾಸ್ತರ ಮನಿ ಬಾಗಲದ ಮ್ಯಾಲೆ ಬಿ.ಎ., ಬಿ.ಟಿ. ಅಂತ ಹಲಗಿ ಇತ್ತು. ಅವರು ಬಜಾರದಾಗ ಬಂದ್ರ ನಮ್ಮಪ್ಪನಂಥಾವ ಸೈತ ಎದ್ದು ನಿಲ್ತಿದ್ದ. ನನ್ನ ಮಗಳು ಬಂದಾಗೂ ಹಂಗ ಎದ್ದು ನಿಲ್ಲಬೇಕು ಅನ್ನೋದೊಂದ ನನ್ನ ಆಸಿ. ಪೇಂಟರ್ ದುರುಗಪ್ಪಗ ಹೇಳೇನಿ, ಅಮೃತಾ ಬಿ.ಎಸ್ಸಿ., ಬಿ.ಟಿ. ಅಂತ ಹಲಗಿ ಬರಿಯಾಕ. ಪರೀಕ್ಷಿ ಮುಗದ ದಿನ ಹಚ್ಚೋಣು.

ಅತ್ತಿ ಮಾತು ಕೇಳು. ತುಪ್ಪ ಕಳಿಸೀನಿ, ಉಣ್ಣು.

ನಿಮ್ಮಪ್ಪ
ಉಜ್ಜಿನಪ್ಪ

*

ಹಡಗಲಿ
9 ಡಿಸೆಂಬರ್ 2003

ಅಮೃತಾ,

ಮೊದಲೇ ಹೇಳಿಬಿಡುತ್ತೇನೆ, ನನ್ನಿಂದ ಒಂದು ಎಡವಟ್ಟಾಗಿದೆ.

ನಮ್ಮ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ ಕೊಟ್ರಸ್ವಾಮಿ ಅಂತ, ಮಾಗಳದವರು. ಶಾಲೆ ಅಂದರೆ ಅವರೇ. ದಿನಾ ಹನ್ನೊಂದಕ್ಕೆ ಬಂದು ನನ್ನ ಮೇಜಿನ ಎದುರಿಗೇ ಕೂರುತ್ತಾರೆ. ಕೆಟ್ಟವರಲ್ಲ. ನನ್ನ ಚಹಾದ ಲೋಟ ಬೇರೆ ಇಡಿಸಿದ್ದಾರೆ ಅಷ್ಟೇ, ನಾನು ಮನೆಯಿಂದಲೇ ನೀರು ತರುತ್ತೇನೆ.

ಹೋದ ವಾರ ವಿಜ್ಞಾನದ ಮೇಷ್ಟ್ರ ನಿವೃತ್ತಿಯ ಕಾಗದ ಟೈಪು ಮಾಡುತ್ತಿದ್ದೆ. ಕಾರ್ಯದರ್ಶಿಗಳು ಹೆಡ್ ಮಾಸ್ತರಿಗೆ ಹೇಳುತ್ತಿದ್ದರು, "ನಮ್ಮ ಸೋಮಶೇಖರಗ ಬಿ.ಟಿ. ಮಾಡಿದ ಕನ್ಯಾ ಸಿಕ್ರ ಎರಡೂ ಕೆಲಸ ಆಗ್ತಾವ್ರಿ. ಸೊಸಿಗೆ ಸೊಸಿ, ಟೀಚರಿಗೆ ಟೀಚರು." ಸೋಮಶೇಖರ್ ಅವರ ಮಗ, ಹಡಗಲಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನನ್ನ ತಲೆಯಲ್ಲಿ ಬಿ.ಟಿ. ಅಂದರೆ ನಿನ್ನ ಕುಕ್ಕರು, ನಿನ್ನ ಬಾಟಲಿ. ಬಾಯಿ ತಪ್ಪಿ "ನನ್ನ ಗೆಳತಿ ಕೊಟ್ಟೂರಾಗ ಬಿ.ಟಿ. ಓದಾಕತ್ತಾಳ್ರಿ" ಅಂದುಬಿಟ್ಟೆ. ಅಷ್ಟು ದಿನದಲ್ಲಿ ಅವರು ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಯಾವ ಊರು, ಯಾರ ಮಗಳು, ಯಾವ ಮನೆತನ, ಎಲ್ಲಾ ಕೇಳಿದರು. ನಾನೂ ಹೇಳಿದೆ. ಹೇಳುತ್ತಾ ಖುಷಿಯೂ ಆಯಿತು, ನಿನ್ನ ಮೇಲಾಣೆ.

ಸಂಜೆ ಬಸ್ಸಿನಲ್ಲಿ ಕೂತಾಗ ಹೊಳೆಯಿತು, ಅವರದೂ ನಿಮ್ಮಪ್ಪನ ಬಿ.ಟಿ. ಅಂತ. ಮರುದಿನ ತಿದ್ದೋಣ ಅಂತ ಹೋದರೆ ಅವರು ಆಗಲೇ ಹೊಸಹಳ್ಳಿಗೆ ಮಂದಿ ಕಳಿಸಿದ್ದರು.

ಬೈಯುವುದಿದ್ದರೆ ಬೈದು ಬರೆ. ಸುಮ್ಮನೆ ಇರಬೇಡ.

ಸಮತಾ

*

ಕೊಟ್ಟೂರು
20 ಜನವರಿ 2004

ಸಮತಾ,

ಬೈದರೆ ಬಂದ ಸಂಬಂಧ ವಾಪಸು ಹೋಗುತ್ತದೆಯೇ? ಅಪ್ಪ ಇಲ್ಲಿಗೆ ಬಂದಿದ್ದ. ಅವನ ಮುಖ ನೀನು ನೋಡಬೇಕಿತ್ತು. "ಬಿ.ಟಿ. ಮಾಡಿಸಿದ್ದಕ್ಕ ಸಾಲಿ ಇದ್ದ ಮನೀನ ಹುಡುಕ್ಕೊಂಡು ಬಂತು ನೋಡವ್ವ" ಅಂದ. ಅತ್ತೆ ಅಂದೇ ಬಂದವರಿಗೆಲ್ಲ ಸಕ್ಕರೆ ಹಂಚಿದಳು. ನಾನು ಧಾರವಾಡದ ಮಾತು ಎತ್ತಿದೆ. "ಲಗ್ನ ಆದಮ್ಯಾಲೆ ಅವರ ಕಳಿಸ್ತಾರ ಬಿಡು" ಅಂದ. ಯಾರ ಮನೆಯ ಸೊಸೆಯನ್ನು ಯಾರು ಧಾರವಾಡಕ್ಕೆ ಕಳಿಸಿದ್ದಾರೆ ಹೇಳು?

ರಾತ್ರಿಯಿಡೀ ಯೋಚಿಸಿದೆ. ನನಗೆ ಒಂದೇ ದಾರಿ ಕಾಣುತ್ತದೆ. ಅವರಿಗೆ ಬೇಕಾದದ್ದು ಟೀಚರು. ನಾನು ಆ ಬಿ.ಟಿ. ಅಲ್ಲ ಅಂತ ಅವರ ಎದುರಿಗೇ ಹೇಳಿಬಿಟ್ಟರೆ ಎದ್ದು ಹೋಗುತ್ತಾರೆ. ಅಪ್ಪ ಸಿಟ್ಟಾಗುತ್ತಾನೆ, ಹೊಡೆದರೂ ಹೊಡೆಯುತ್ತಾನೆ. ಆದರೆ ಪರೀಕ್ಷೆಗೆ ಮೂರೇ ತಿಂಗಳು ಉಳಿದಿರುವಾಗ ಕಾಲೇಜು ಬಿಡಿಸುವುದಿಲ್ಲ. ಮೇಡಂ ಎಂ.ಎಸ್ಸಿ. ಅರ್ಜಿ ತರಿಸಿಕೊಟ್ಟಿದ್ದಾರೆ, ಪುಸ್ತಕದೊಳಗೆ ಇದೆ.

ಫೆಬ್ರವರಿ ಎಂಟಕ್ಕೆ ನೋಡಲು ಬರುತ್ತಾರೆ. ಅಂದೇ ಹೇಳುತ್ತೇನೆ. ಎರಡೂವರೆ ವರ್ಷ ಬಚ್ಚಿಟ್ಟ ನಿಜ ಈಗಲಾದರೂ ನನ್ನ ಕೆಲಸಕ್ಕೆ ಬರಲಿ.

ಅಮೃತಾ

*

ಕೊಟ್ಟೂರು
11 ಫೆಬ್ರವರಿ 2004

ಸಮತಾ,

ಹೇಳಿದೆ. ಹೇಳಿ ಕೆಟ್ಟೆ.

ಹೊಸಹಳ್ಳಿಯ ನಮ್ಮ ಪಡಸಾಲೆಯಲ್ಲಿ ಹನ್ನೆರಡು ಮಂದಿ. ಅವಲಕ್ಕಿ, ಚಹಾ ಆಯಿತು. ನಿಮ್ಮ ಕಾರ್ಯದರ್ಶಿಗಳು ಬಾಯಿ ಒರೆಸಿಕೊಂಡು ಕೇಳಿದರು, "ಬಿ.ಟಿ. ರಿಸಲ್ಟು ಯಾವಾಗ ಬರ್ತೈತವ್ವ?" ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಗಟ್ಟಿಯಾಗಿಯೇ ಅಂದೆ:

"ನಾನು ಓದಾಕತ್ತಿದ್ದು ಆ ಬಿ.ಟಿ. ಅಲ್ರಿ. ಮೇಷ್ಟ್ರ ತರಬೇತಿ ಅಲ್ರಿ. ಗಿಡದ ಚೂರಿನಿಂದ ಗಿಡಾ ಬೆಳಸೋದು, ಕಣ್ಣಿಗೆ ಕಾಣದ ಜೀವಗಳ ಮ್ಯಾಲೆ ಕೆಲಸ ಮಾಡೋದು, ಅದರದ್ರಿ. ಟೀಚರ್ ಆಗಾಕ ಇದು ಸಾಲೋದಿಲ್ರಿ."

ವರ ಮಹಾಶಯ, ಅಷ್ಟು ಹೊತ್ತು ನೆಲ ನೋಡುತ್ತಿದ್ದವನು, ತಲೆ ಎತ್ತಿ "ಹಂಗಾರ ಹತ್ತಿ ಬೀಜದ ಬಿ.ಟಿ. ಏನ್ರಿ?" ಅಂದ. ಅದೂ ಅಲ್ಲ, ಅದು ಒಂದು ಸೂಕ್ಷ್ಮಜೀವಿಯ ಹೆಸರಿನ ಮೊದಲಕ್ಷರ ಅಂದೆ. ಪಾಪ, ಹೌದೇನ್ರಿ ಅಂತ ಮತ್ತೆ ನೆಲ ನೋಡಿದ.

ಅಪ್ಪನ ಕಡೆ ನೋಡಬಾರದು ಅಂದುಕೊಂಡಿದ್ದೆ, ನೋಡಿಬಿಟ್ಟೆ. ಅವನು ಸಿಟ್ಟಾಗಲಿಲ್ಲ ಲೇ. ಹನ್ನೆರಡು ಮಂದಿಯ ನಡುವೆ ಒಬ್ಬನೇ ಕೂತವನ ಹಾಗೆ ಕಂಡ.

ಆಗ ನಿಮ್ಮ ಕಾರ್ಯದರ್ಶಿಗಳು ತೊಡೆ ತಟ್ಟಿಕೊಂಡು ನಕ್ಕರು. "ಹುಡುಗಿ ಖರೇ ಮಾತಾಡ್ತಾಳ, ಇಂಥಾಕೀನ ಬೇಕು ನಮ್ಮ ಮನಿಗೆ. ಉಜ್ಜಿನಪ್ಪನೋರು ಮುಖಾ ಸಣ್ಣದು ಮಾಡಬ್ಯಾಡ್ರಿ. ಮೇಷ್ಟ್ರ ಜಾಗಕ್ಕ ನಮ್ಮ ತಂಗಿ ಮಗಾ ಅದಾನ, ಬಿ.ಎಡ್. ಮುಗಿಸ್ಯಾನ. ಹುಡುಗಿ ಆಫೀಸಿನ್ಯಾಗ ಕುಂದ್ರಲಿ. ಅಲ್ಲಿ ಒಬ್ಬಾಕಿ ಟೈಪಿಸ್ಟ್ ಅದಾಳ, ಕಲಿಸ್ತಾಳ. ಸೊಸಿ ಕಲಿತ ದಿನ ಆಕಿನ್ನ ಕಳಿಸಿದ್ರಾತು. ನಮ್ಮ ಸಾಲಿ ನಮ್ಮ ಮಂದೀನ ನೋಡ್ಕೊಂಡ್ರ ಚಲೋ."

ಒಬ್ಬಾಕಿ. ಅದು ನೀನು, ಸಮತಾ.

ನಾನು ಬೇಡ ಅಂದೆ, ನನಗೆ ಟೈಪು ಬರುವುದಿಲ್ಲ, ಕಲಿಯುವುದೂ ಇಲ್ಲ ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಪ್ಪ ಕಾರ್ಯದರ್ಶಿಗಳ ಮಾತನ್ನು ಬಾವಿಗೆ ಬಿದ್ದವನು ಹಗ್ಗ ಹಿಡಿದ ಹಾಗೆ ಹಿಡಿದ. "ನಿಮ್ಮ ದೊಡ್ಡ ಮನಸ್ಸು" ಅಂತ ಎದ್ದು ನಿಂತು ಕೈ ಮುಗಿದ. ಮೇ ತಿಂಗಳಿಗೆ ಲಗ್ನ.

ನಾನು ಬಿಡಿಸಿಕೊಳ್ಳಲು ಹೋಗಿ ನಿನ್ನನ್ನೂ ಸಿಕ್ಕಿಸಿದೆ. ಏನು ಮಾಡಲಿ? ಬರೆ. ಬೈ. ಏನಾದರೂ ಬರೆ.

ಅಮೃತಾ

*

ಹೊಸಹಳ್ಳಿ
25 ಫೆಬ್ರವರಿ 2004

ಅಮೃತಾಗ,

ನೀನು ಬರದ ಎರಡು ಕಾಗದಾನೂ ಮುಟ್ಟ್ಯಾವ. ಲಗ್ನ ನಿಲ್ಸು ಅಂತ ಇನ್ನೊಮ್ಮೆ ಬರೀಬ್ಯಾಡ.

ಓದಿದ್ದು ಯಾವ ಬಿ.ಟಿ. ಆದ್ರೂ ನನಗ ಬ್ಯಾಸರ ಇಲ್ಲ. ಮೊದಲನೇ ವರ್ಷಾನ ಅಪ್ಪಾ ನಿನಗ ತಪ್ಪು ತಿಳದೈತಿ ಅಂದಿದ್ರ, ನಾನು ಏಳನೇತ್ತ ಓದಿದಾಂವ, ತಿದ್ದಿಕೊಳ್ತಿದ್ದೆ. ಊರ ಮಂದಿ ಮುಂದ ಎರಡೂವರಿ ವರ್ಷ ಹೇಳಿಕೊಂಡು ತಿರುಗ್ಯಾಡಾಕ ಬಿಟ್ಟು ಸುಮ್ಮನ ಇದ್ದೆಲ್ಲ, ಅದು.

ದುರುಗಪ್ಪನ ಹಲಗಿ ತಯಾರಾಗಿತ್ತು. ತಂದು ಹಿಟ್ಟಿನ ಡಬ್ಬಿ ಮ್ಯಾಲೆ ಬೋರಲು ಮುಚ್ಚೇನಿ. ಪರೀಕ್ಷಿ ಚಲೋ ಬರಿ.

ಉಜ್ಜಿನಪ್ಪ

*

ಹಡಗಲಿ
28 ಜೂನ್ 2004

ಅಮೃತಾ,

ನಿನ್ನ ಫೆಬ್ರವರಿಯ ಕಾಗದಕ್ಕೆ ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಈಗಲೂ ಬರೆಯುತ್ತಿರಲಿಲ್ಲ, ನಾಳೆಯಿಂದ ಮುಖ ನೋಡಬೇಕಲ್ಲ, ಅದಕ್ಕೆ.

ನಿನ್ನ ಲಗ್ನಪತ್ರಿಕೆಯ ವಿಳಾಸಗಳನ್ನು ಟೈಪು ಮಾಡಿದ್ದು ನಾನೇ. ನಾನೂರ ಹದಿನೈದು ಲಕೋಟೆ, ಮೂರು ದಿನ ಹಿಡಿಯಿತು. ನನ್ನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ನೀನು ಬೇರೆಯಾಗಿ ಕಳಿಸಿದ ಪತ್ರಿಕೆ ಬಂತು, ಆದರೆ ಪಟ್ಟಿಯಲ್ಲಿ ಇಲ್ಲದವಳು ಯಾವ ಪಂಕ್ತಿಯಲ್ಲಿ ಕೂರಬೇಕು? ಬರಲಿಲ್ಲ.

ನೀನು ಫಸ್ಟ್ ಕ್ಲಾಸಿನಲ್ಲಿ ಪಾಸಾದ ಸುದ್ದಿ ಕಾರ್ಯದರ್ಶಿಗಳ ಬಾಯಿಂದ ತಿಳಿಯಿತು. ಧಾರವಾಡದ ಪ್ರವೇಶ ಪರೀಕ್ಷೆಯ ದಿನ ನೀನು ಮಾಗಳದಲ್ಲಿ ಗಂಗೆಪೂಜೆ ಮಾಡುತ್ತಿದ್ದೆ ಅಂತಲೂ ಅವರೇ ಹೇಳಿದರು. ಅದಕ್ಕೆ ನನಗೆ ನಿಜವಾಗಿ ಸಂಕಟವಾಯಿತು, ಬೇಕಾದರೆ ನಂಬು, ಬೇಡವಾದರೆ ಬಿಡು.

ನಾಳೆಯಿಂದ ನಿನಗೆ ಟೈಪು ಕಲಿಸಬೇಕಂತೆ. ಕಲಿಸುತ್ತೇನೆ. "ಸಣ್ಣ ಅಮ್ಮಾರು ಬರ್ತಾರ, ಅವರ ಮುಂದ ನೀನು ಕುರ್ಚಿ ಮ್ಯಾಲೆ ಕುಂದ್ರಬ್ಯಾಡ" ಅಂತ ಜವಾನ ಎಚ್ಚರಿಸಿದ್ದಾನೆ. ಪಾಠ ಹೇಳುವವಳು ನಿಂತು ಹೇಳುವುದೇ ವಾಡಿಕೆ, ಅದರಲ್ಲೇನಿದೆ. ನೀನು ಜಾಣೆ, ಬೇಗ ಕಲಿಯುತ್ತೀ. ಅಪ್ಪನಿಗೆ ಇನ್ನೂ ಹೇಳಿಲ್ಲ. ಬಂದವರಿಗೆಲ್ಲ ನಮ್ಮ ಹುಡುಗಿ ಕುರ್ಚಿ ಮೇಲೆ ಕೂರುತ್ತಾಳೆ ಅಂತ ಇನ್ನೂ ಹೇಳುತ್ತಿದ್ದಾನೆ.

ಆಫೀಸಿನಲ್ಲಿ ನನ್ನನ್ನು ಲೇ ಅನ್ನಬೇಡ. ನಾನೂ ಮೇಡಂ ಅನ್ನುತ್ತೇನೆ.

ಸಮತಾ

*

ಹಡಗಲಿ
14 ಫೆಬ್ರವರಿ 2005

ಅಮೃತಾ ಮೇಡಂ,

ಒಂದೇ ಮೇಜಿನಲ್ಲಿ ಕೆಲಸ ಮಾಡುವವರು ಕಾಗದ ಬರೆದುಕೊಳ್ಳುವ ಪರಿಸ್ಥಿತಿ. ಎದುರಿಗೆ ನಿಮ್ಮ ಮಾವನವರು ಪೇಪರು ಹಿಡಿದು ಕೂತಿರುತ್ತಾರೆ, ಬಾಯಲ್ಲಿ ಹೇಳುವಂತಿಲ್ಲ. ಹಾಜರಿ ಪುಸ್ತಕದೊಳಗೆ ಇಡುತ್ತಿದ್ದೇನೆ.

ಏಳು ತಿಂಗಳಾಯಿತು. ಎರಡು ತಿಂಗಳಲ್ಲಿ ಕಲಿಯುವ ಕೆಲಸ ಇದು. ನೀನು ಕಲಿತರೆ ನಾನು ಹೋಗಬೇಕು, ಕಲಿಯದಿದ್ದರೆ ಇರಬೇಕು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಇವತ್ತೇ ಕಡೆಯ ದಿನವಿರಬಹುದು ಅಂದುಕೊಂಡು ಬರುತ್ತೇನೆ. ಸಾಕಾಯಿತು ನನಗೆ. ಮೊನ್ನೆ ನೀನು ಒಬ್ಬ ಹುಡುಗನ ವರ್ಗಾವಣೆ ಪತ್ರದಲ್ಲಿ ಒತ್ತಕ್ಷರವನ್ನೆಲ್ಲ ಬಿಟ್ಟು 'ವಿದಾಥಿ' ಅಂತ ಹೊಡೆದೆ. ಹೆಡ್ ಮಾಸ್ತರ ಹೆಸರಿನಲ್ಲೇ ಎರಡು ತಪ್ಪು. ಬೆಳಿಗ್ಗೆ ಬಂದ ಕೂಡಲೇ 'ಕ' ಎಲ್ಲಿದೆ ಅಂತ ಕೇಳುತ್ತೀ. ಪಿಯುಸಿಯಲ್ಲಿ ನಾಲ್ಕು ಪುಟದ ಪಾಠವನ್ನು ಒಂದು ಸಲ ಓದಿ ಒಪ್ಪಿಸುತ್ತಿದ್ದವಳು ನೀನು!

ನಿನ್ನ ಮಾವನವರು ಬಂದವರ ಎದುರಿಗೆಲ್ಲ "ಫಸ್ಟ್ ಕ್ಲಾಸಂತ, ಬೆರಳಿಗೆ ಬುದ್ಧಿ ಇಲ್ಲ" ಅಂತಾರೆ. ನಿನ್ನ ಗಂಡ ನಗುತ್ತಾನೆ. ನೀನೂ ನಗುತ್ತೀ. ನನಗೆ ಮೈಯೆಲ್ಲ ಉರಿಯುತ್ತದೆ. ನಿನಗೆ ಈ ಕೆಲಸ ಆಟ, ಬಂದರೂ ಆಯಿತು ಬಾರದಿದ್ದರೂ ಆಯಿತು. ನನಗೆ ಆಟವಲ್ಲ. ಕಲಿತುಬಿಡು, ನನ್ನನ್ನು ಬಿಡಿಸು. ಇಲ್ಲವೇ ಕಲಿಯುವುದಿಲ್ಲ ಅಂತ ಅವರಿಗೆ ನೆಟ್ಟಗೆ ಹೇಳು.

ನಾಳೆ ನಾನು ರಜೆ. ಅಮ್ಮನನ್ನು ಆಸ್ಪತ್ರೆಗೆ ತೋರಿಸಬೇಕು.

ಸಮತಾ

*

ಹಡಗಲಿ
15 ಫೆಬ್ರವರಿ 2005

ಲೇ ಸಮತಾ,

ಲೇ ಅನ್ನುತ್ತೇನೆ, ಏನು ಮಾಡುತ್ತೀಯೋ ಮಾಡು.

ಮಾವನವರು ಬಳ್ಳಾರಿಗೆ ಹೋಗಿದ್ದಾರೆ, ಜವಾನ ಊಟಕ್ಕೆ ಹೋಗಿದ್ದಾನೆ. ಈ ಕಾಗದವನ್ನು ನಿನ್ನ ಮಶೀನಿನ ಮೇಲೆ ಹೊಡೆಯುತ್ತಿದ್ದೇನೆ, ಕೀಲಿ ನೋಡದೆ, ಕಿಟಕಿಯಾಚೆ ಮಕ್ಕಳು ಆಡುವುದನ್ನು ನೋಡುತ್ತಾ. ವಿದ್ಯಾರ್ಥಿ. ಮುಖ್ಯೋಪಾಧ್ಯಾಯ. ಕಾರ್ಯದರ್ಶಿ. ಯಾವ ಒತ್ತಕ್ಷರ ಬಿಟ್ಟಿದ್ದೇನೆ ತೋರಿಸು? ನೀನು ಕಲಿಸಲು ಶುರು ಮಾಡಿದ ಮೂರನೆಯ ವಾರಕ್ಕೇ ನನಗೆ ಬಂದಿತ್ತು. ನೀನು ಅಷ್ಟು ಚೆನ್ನಾಗಿ ಕಲಿಸುತ್ತೀ.

ಆ ವಾರ ಮನೆಯಲ್ಲಿ ಮಾವನವರು ಕೇಳಿದರು, "ಟೈಪು ಕಲಿಯೋದು ಎಲ್ಲೀಗೆ ಬಂತವ್ವ? ಬಂದ ದಿನ ಹೇಳು, ಆ ಹುಡುಗೀಗೆ ಹೇಳಿ ಕಳಿಸಿಬಿಡ್ತೀನಿ." ನನ್ನ ಬಾಯಿಂದ ತಾನಾಗಿ ಬಂತು: "ನನಗ ತಲೀಗೆ ಹತ್ತವಲ್ದ್ರಿ ಮಾವಾರ." ಅಂದಿನಿಂದ ದಿನಕ್ಕೆ ಎಷ್ಟು ತಪ್ಪು ಮಾಡಬೇಕು ಅಂತ ಮನೆಯಿಂದಲೇ ಯೋಚಿಸಿಕೊಂಡು ಬರುತ್ತೇನೆ. ತೀರಾ ಹೆಚ್ಚಾದರೆ ಕಲಿಸುವವಳೇ ಸರಿಯಿಲ್ಲ ಅಂತಾರೆ, ತೀರಾ ಕಡಿಮೆಯಾದರೆ ನಿನ್ನ ಕೆಲಸ ಹೋಗುತ್ತದೆ. ಪ್ರಯೋಗಶಾಲೆಯಲ್ಲೂ ನಾನು ಇಷ್ಟು ಹುಷಾರಾಗಿ ಕೆಲಸ ಮಾಡಿರಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನಿನ್ನ ಮುಖ ಹೇಳಿಬಿಡುತ್ತಿತ್ತು. ನೀನು ನನ್ನ ಮೇಲೆ ರೇಗಿದ್ದಕ್ಕೇ ಅವರು ನಂಬಿದ್ದಾರೆ. ಮತ್ತೆ ನಿನ್ನ ಜಂಬ ನನಗೆ ಗೊತ್ತಿಲ್ಲವೇ? 'ನಿನ್ನ ಭಿಕ್ಷೆ ನನಗೆ ಬೇಡ' ಅಂತ ನೀನು ಅನ್ನುತ್ತಿದ್ದೆ. ಭಿಕ್ಷೆ ಅಲ್ಲ ಲೇ ಇದು. ಓದು ಹೋಯಿತು, ಊರು ಹೋಯಿತು, ಬೆಳಿಗ್ಗೆ ಎದ್ದು ಏನು ಉಡಬೇಕು ಅನ್ನುವುದೂ ಈ ಮನೆಯ ಅತ್ತೆಯ ಕೈಯಲ್ಲಿದೆ. ಕಲಿಯದೇ ಇರುವುದೊಂದು ಮಾತ್ರ ನನ್ನ ಕೈಯಲ್ಲಿದೆ. ಅದನ್ನೂ ಬಿಟ್ಟುಕೊಡು ಅಂತೀಯಾ?

ಮಂದಿ ದಡ್ಡಿ ಅಂದರೆ ಈಗ ನೋಯುವುದಿಲ್ಲ, ರೂಢಿಯಾಗಿದೆ. ಒಂದೇ ದಿನ ನೊಂದದ್ದು. ಸಂಕ್ರಾಂತಿಗೆ ಅಪ್ಪ ಎಳ್ಳು ತಂದಿದ್ದ. ಮಾವನವರು ಅವನ ಎದುರಿಗೇ ನನ್ನ ಬೆರಳಿನ ಬುದ್ಧಿಯ ಮಾತು ಎತ್ತಿದರು. ಅಪ್ಪ ನನ್ನ ಕಡೆ ನೋಡಿದ. ಆ ಹಲಗೆಯ ಸುದ್ದಿ ಆದಮೇಲೆ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. "ಹಂಗಾರ ಮೂರು ವರ್ಷ ನೀನು ಏನೂ ಕಲೀಲಿಲ್ಲನವಾ?" ಅಂತ ಮೆತ್ತಗೆ ಕೇಳಿದ. ಇಲ್ಲಪ್ಪ ಅಂದೆ. ಇದೊಂದು ಸುಳ್ಳನ್ನು ಅವನಿಗೆ ಎಂದಾದರೂ ಬಿಡಿಸಿ ಹೇಳುವೆನೋ ಇಲ್ಲವೋ.

ನಿನಗೆ ಎರಡು ವರ್ಷ ತುಂಬಲು ಇನ್ನು ಆರೂವರೆ ತಿಂಗಳು. ಅನುಭವದ ಪತ್ರವನ್ನು ನೀನೇ ಟೈಪು ಮಾಡಿ ಸಹಿ ಮಾಡಿಸಿಕೋ, ನನ್ನ ಕೈಗೆ ಕೊಡಬೇಡ. ನಾನು ಹೊಡೆದರೆ ತಪ್ಪು ಬಿಡಲೇಬೇಕಾಗುತ್ತದೆ.

ಇದನ್ನು ಹಾಜರಿ ಪುಸ್ತಕದೊಳಗೆ ಇಡುತ್ತೇನೆ, ಮಾವನವರು ಬರುವ ಮೊದಲೇ ಓದಿಕೋ, ಮನೆಗೆ ಹೋದ ಕೂಡಲೇ ಒಲೆಗೆ ಹಾಕು. ನಾಳೆ ಬೆಳಿಗ್ಗೆ ಮಾವನವರ ಎದುರಿಗೆ 'ಕ' ಎಲ್ಲಿದೆ ಅಂತ ಕೇಳುತ್ತೇನೆ. ಚೆನ್ನಾಗಿ ಬೈದು ತೋರಿಸು.

ನಿನ್ನ
ದಡ್ಡಿ